ಯೂನಿಟ್ ಹಾಕದ ರೀಡಿಂಗ್

ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹುಡುಗರು ಕೇಳಿದ್ದಾರೆ. ಹಾಸ್ಟೆಲ್ ಸಾರು, ಕ್ಯಾಂಟೀನ್ ಬೋಂಡಾ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ. ನನಗೆ ಉಳಿದಿರುವುದು ಮೆಷರ್‌ಮೆಂಟ್ ಲ್ಯಾಬು. ಅದರಲ್ಲೂ ಯೂನಿಟ್ ಹಾಕದ ರೀಡಿಂಗಿನ ಮೇಲೆ ಮೇಷ್ಟ್ರು ಎಳೆಯುತ್ತಿದ್ದ ಕೆಂಪು ಗೀಟು. "ಇದು ಮೀಟರೋ ಮೈಲಿಯೋ, ನೋಡಿದವನಿಗೆ ಹೇಗಯ್ಯಾ ಗೊತ್ತಾಗಬೇಕು?" ಎನ್ನುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ಕೆಲಸವೆಲ್ಲ ರಕ್ಷಣಾ ಖರೀದಿಯ ಕಡತಗಳ ನಡುವೆ. ಸಾವಿರಾರು ಕೋಟಿಯ ಖರೀದಿಗಳು ಹಳ್ಳ ಹಿಡಿಯುವುದು ಚೌಕಾಸಿಯ ಮೇಜಿನಲ್ಲಿ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಬಹುಪಾಲು ಅವು ಕೆಡುವುದು ಮೊದಲ ಕಾಗದದಲ್ಲಿ, ಆ ಕೆಂಪು ಗೀಟು ಬೀಳಬೇಕಿದ್ದ ಜಾಗದಲ್ಲೇ. ಈಗ ಓದುತ್ತಿರುವವರಲ್ಲಿ ಹಲವರು ಎಚ್‌ಎಎಲ್, ಬಿಇಎಲ್‌ಗೋ, ಅವಕ್ಕೆ ಬಿಡಿಭಾಗ ಮಾಡಿಕೊಡುವ ಪೀಣ್ಯದ ಶೆಡ್ಡುಗಳಿಗೋ ಹೋಗುವವರು. ಆದ್ದರಿಂದ ಆ ಕಾಗದ ಹೋಗುವ ದಾರಿಯನ್ನೇ ಬರೆಯುತ್ತೇನೆ.

ಸೇನೆಯ ಖರೀದಿಗೆ ಎರಡು ಗಂಟುಗಳಿವೆ. ಬೂಟು, ಬ್ಯಾಟರಿ, ಬಿಡಿಭಾಗ, ರಿಪೇರಿ ಎಲ್ಲ ರೆವಿನ್ಯೂ ಲೆಕ್ಕ. ವಿಮಾನ, ತೋಪು, ರೇಡಾರ್ ಕ್ಯಾಪಿಟಲ್ ಲೆಕ್ಕ. ನಾನು ಹೇಳುತ್ತಿರುವುದು ಎರಡನೆಯದು. ಕಾರ್ಗಿಲ್ ಯುದ್ಧದ ನಂತರದ ಮರುಪರಿಶೀಲನೆಯಿಂದ 2001ರಲ್ಲಿ ರಕ್ಷಣಾ ಸ್ವಾಧೀನ ಮಂಡಳಿ, ಅಂದರೆ ಡಿಎಸಿ, ಹುಟ್ಟಿತು. ಮರುವರ್ಷ ಮೊದಲ ಖರೀದಿ ಕೈಪಿಡಿ ಬಂತು. ಹಲವು ಸಲ ತಿದ್ದುಪಡಿಯಾಗಿ ಅದು 2020ರ ಅಕ್ಟೋಬರ್ 1ರಿಂದ ಡಿಎಪಿ 2020 ಆಗಿ ಜಾರಿಗೆ ಬಂತು. ಯೋಜನೆ ಇದರಲ್ಲಿ ಮೂರು ಮೆಟ್ಟಿಲು: ಹತ್ತು ವರ್ಷದ ಸಾಮರ್ಥ್ಯ ಯೋಜನೆ, ಅದರಿಂದ ಸೋಸಿದ ಐದು ವರ್ಷದ ಖರೀದಿ ಯೋಜನೆ, ಅದರಿಂದ ಎರಡು ವರ್ಷಕ್ಕೆಂದು ಮಾಡಿ ಪ್ರತಿ ವರ್ಷ ಮುಂದಕ್ಕೆ ಉರುಳಿಸುವ ಪಟ್ಟಿ. ಈ ಕೊನೆಯ ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವಿನ ಕಡತ ಸಾಮಾನ್ಯವಾಗಿ ಮೇಜಿನಿಂದ ಅಲುಗಾಡುವುದಿಲ್ಲ.

ಪಟ್ಟಿಗೆ ಬಂದ ಮೇಲೆ ಮಾರುಕಟ್ಟೆಯಲ್ಲಿ ಏನಿದೆ ಎಂದು ಕೇಳುವ ಆರ್‌ಎಫ್‌ಐ ಹೊರಡುತ್ತದೆ. ಉತ್ತರಗಳನ್ನು ನೋಡಿಕೊಂಡು ಎಸ್‌ಕ್ಯೂಆರ್ ಬರೆಯಬೇಕು. ನಮ್ಮ ಬಾಯಲ್ಲಿ ಅದು ಬರೀ 'ಕ್ಯೂಆರ್'. ಬೇಕಾದ ಸಾಮಾನು ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವ ಸ್ಥಿತಿಯಲ್ಲಿ ಮಾಡಬೇಕು ಎಂಬ ಪಟ್ಟಿ ಅದು.

ಹೆಲಿಕಾಪ್ಟರಿನ ಕ್ಯೂಆರ್‌ನಲ್ಲಿ 'ಎತ್ತರದ ಪ್ರದೇಶದಲ್ಲಿ ಸಾಕಷ್ಟು ಭಾರ ಹೊರಬೇಕು' ಎಂದು ಬರೆದರೆ ಅದು ಯೂನಿಟ್ ಹಾಕದ ರೀಡಿಂಗ್. '4,500 ಮೀಟರ್‌ನಲ್ಲಿ 500 ಕಿಲೋ' ಎಂದರೂ ಅರ್ಧವೇ. ಗಾಳಿ ತೆಳುವಾದಷ್ಟೂ ರೋಟರಿಗೆ ಎತ್ತುವ ಬಲ, ಎಂಜಿನ್ನಿಗೆ ಶಕ್ತಿ ಎರಡೂ ಕಡಿಮೆ. ಬಿಸಿಯಾದರೆ ಗಾಳಿ ಇನ್ನೂ ತೆಳು. ಎಂಜಿನಿಯರುಗಳು ಹೋಲಿಕೆಗೆಂದು ಹಿಡಿಯುವ ಸ್ಟ್ಯಾಂಡರ್ಡ್ ವಾತಾವರಣದ ಲೆಕ್ಕದಲ್ಲಿ 4,500 ಮೀಟರ್‌ನ ತಾಪ ಸುಮಾರು ಮೈನಸ್ 14 ಡಿಗ್ರಿ. ಅದಕ್ಕೆ 20 ಡಿಗ್ರಿ ಸೇರಿಸಿದರೆ ಪ್ಲಸ್ 6. ಲಡಾಖಿನ ಬೇಸಿಗೆ ಮಧ್ಯಾಹ್ನಕ್ಕೆ ಈ ಎರಡನೆಯದೇ ಹತ್ತಿರ. ಮೊದಲನೆಯದರಲ್ಲಿ ಪಾಸಾದ ಯಂತ್ರ ಎರಡನೆಯದರಲ್ಲಿ ಸರಕು ಇಳಿಸಿ ಹಾರಬೇಕಾದೀತು. ಹಾಗಾಗಿ ಎತ್ತರ, ತಾಪ, ತುಂಬಿದ ಇಂಧನ, ಒಳಗಿರುವ ಜನ, ನೆಲದ ಹತ್ತಿರದ ಹೋವರೋ (ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದು) ನೆಲ ಬಿಟ್ಟ ಹೋವರೋ, ಇಷ್ಟನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಬೇಕು. ಒಂದು ಬಿಟ್ಟರೂ ಟ್ರಯಲ್ ದಿನ ಕಂಪನಿಯವರು ಒಂದು ಹೇಳುತ್ತಾರೆ, ಯೂನಿಫಾರ್ಮಿನವರು ಇನ್ನೊಂದು ಹೇಳುತ್ತಾರೆ. ಇಬ್ಬರೂ ಸರಿಯೇ!

ಇದರ ತಿರುಗುಮುರುಗು ತಪ್ಪೂ ಇದೆ: ಎಲ್ಲ ಕಂಪನಿಗಳ ಬ್ರೋಷರಿನಿಂದ ಒಳ್ಳೊಳ್ಳೆಯದನ್ನೇ ಹೆಕ್ಕಿ ಪೋಣಿಸುವುದು. ಸೇನೆ 2011ರಲ್ಲಿ 66,000 ಅಸಾಲ್ಟ್ ರೈಫಲ್‌ಗಳಿಗೆ ಟೆಂಡರ್ ಕರೆಯಿತು. ಒಂದೇ ರೈಫಲ್, ನಳಿಗೆ ಬದಲಿಸಿದರೆ 5.56 ಮಿ.ಮೀ. ಗುಂಡೂ ಹಾರಬೇಕು, 7.62 ಮಿ.ಮೀ. ಗುಂಡೂ ಹಾರಬೇಕು. ನಳಿಗೆ ಬದಲಾದರೆ ಬೋಲ್ಟು, ಮ್ಯಾಗಜೀನು, ಗುರಿಯ ಹೊಂದಾಣಿಕೆ ಎಲ್ಲವೂ ಬದಲಾಗುತ್ತವೆ. ಜೊತೆಗೆ ಪ್ರತಿ ಜವಾನನ ಬೆನ್ನಿಗೆ ಇನ್ನೊಂದು ಸೆಟ್ಟಿನ ಭಾರ. 2015ರಲ್ಲಿ ಟೆಂಡರ್ ರದ್ದಾಯಿತು. ಮುಂದೆ 2019ರಲ್ಲಿ 72,400 ರೈಫಲ್‌ಗಳ ಒಪ್ಪಂದ ಆಗಿದ್ದು ಒಂದೇ ಕ್ಯಾಲಿಬರಿನ, ಮಾರುಕಟ್ಟೆಯಲ್ಲಿ ಸಿದ್ಧವಿದ್ದ ಆಯುಧಕ್ಕೆ. ನಡುವೆ ಕಳೆದುಹೋದ ವರ್ಷಗಳ ಮೂಲ ಆ ಒಂದು ಸಾಲು.

ಇಂಥದ್ದಕ್ಕೆ ಕಡಿವಾಣವಾಗಿ ಈಗ ಗುಣಲಕ್ಷಣಗಳನ್ನು ವಿಂಗಡಿಸುತ್ತಾರೆ. ಮಾರುಕಟ್ಟೆಯಲ್ಲಿ ಆಗಲೇ ಇರುವ, ಒಪ್ಪಂದಕ್ಕೆ ಮೊದಲೇ ಪರೀಕ್ಷಿಸಬಹುದಾದವು 'ಎ' ಗುಂಪಿಗೆ ಹೋಗುತ್ತವೆ. ಇನ್ನೂ ರೂಪಿಸಬೇಕಾದ, ಒಪ್ಪಂದದ ನಂತರ ಸಾಬೀತು ಮಾಡಬೇಕಾದವು 'ಬಿ' ಗುಂಪಿಗೆ. ಇದ್ದರೆ ಒಳ್ಳೆಯದು ಎಂಬಂಥವಕ್ಕೆ ಬೇರೆ ಪಟ್ಟಿ, ಅದಕ್ಕೆ ದರ ಹೋಲಿಕೆಯಲ್ಲಿ ಒಂದಿಷ್ಟು ರಿಯಾಯಿತಿ. 'ಬಿ'ಗೆ ಸೇರಬೇಕಾದ್ದನ್ನು 'ಎ'ಗೆ ತಳ್ಳಿದರೆ ಟ್ರಯಲ್ ಮೈದಾನಕ್ಕೆ ಯಾರೂ ಬರುವುದಿಲ್ಲ.

ಕ್ಯೂಆರ್ ಆದ ಮೇಲೆ ಎಒಎನ್, ಅಂದರೆ ಅವಶ್ಯಕತೆಯ ಒಪ್ಪಿಗೆ. ದೊಡ್ಡ ಮೊತ್ತಕ್ಕೆ ಇದನ್ನು ಕೊಡುವುದು ರಕ್ಷಣಾ ಸಚಿವರ ಅಧ್ಯಕ್ಷತೆಯ ಡಿಎಸಿ. ಎಷ್ಟು ಬೇಕು, ಯಾವ ವರ್ಗದಲ್ಲಿ ಕೊಳ್ಳಬೇಕು ಎನ್ನುವುದೂ ಇಲ್ಲೇ ತೀರ್ಮಾನ. ಇಲ್ಲೇ ವಿನ್ಯಾಸವಾಗಿ ಇಲ್ಲೇ ತಯಾರಾದ ವರ್ಗಕ್ಕೆ ಮೊದಲ ಮಣೆ; ಅದರಲ್ಲಿ ಮೌಲ್ಯದ ಕನಿಷ್ಠ ಶೇ. 50ರಷ್ಟು ದೇಶೀಯವಾಗಿರಬೇಕು. ಹೊರಗಿನಿಂದ ಸೀದಾ ತರುವ ವರ್ಗ ಪಟ್ಟಿಯ ತಳದಲ್ಲಿದೆ. ಪತ್ರಿಕೆಗಳು ಎಒಎನ್ ಸುದ್ದಿ ಬಂದ ಮರುದಿನ '70 ಸಾವಿರ ಕೋಟಿ ಖರೀದಿ' ಎಂದು ಬರೆದುಬಿಡುತ್ತವೆ. ನಿಶ್ಚಿತಾರ್ಥದ ಮಾತುಕತೆಗೆ ಒಪ್ಪಿದ್ದನ್ನೇ ಮದುವೆ ಆಯಿತು ಎಂದ ಹಾಗೆ. ಎಒಎನ್‌ಗೆ ಆಯುಷ್ಯವೂ ಉಂಟು. ನಿಗದಿತ ತಿಂಗಳುಗಳೊಳಗೆ ಆರ್‌ಎಫ್‌ಪಿ, ಅಂದರೆ ಕಂಪನಿಗಳಿಂದ ಪ್ರಸ್ತಾವ ಕೇಳುವ ಟೆಂಡರ್ ಕಾಗದ, ಹೊರಡದಿದ್ದರೆ ಅದು ಬಿದ್ದುಹೋಗುತ್ತದೆ, ಕಡತ ಮತ್ತೆ ಮೊದಲ ಮೆಟ್ಟಿಲಿಗೆ.

ಆರ್‌ಎಫ್‌ಪಿಗೆ ಉತ್ತರವಾಗಿ ಬರುವುದು ಎರಡು ಲಕೋಟೆ: ತಾಂತ್ರಿಕ, ವಾಣಿಜ್ಯ. ತಾಂತ್ರಿಕದೊಳಗಿನ ಅತಿ ಮುಖ್ಯ ಕಾಗದ ಕಂಪ್ಲಯನ್ಸ್ ಟೇಬಲ್. ಎಡಗಡೆ ಆರ್‌ಎಫ್‌ಪಿಯ ಪ್ಯಾರಾ ನಂಬರು, ನಡುವೆ ಒಪ್ಪಿದೆಯೋ ಇಲ್ಲವೋ, ಬಲಗಡೆ ಅದಕ್ಕೆ ಪುರಾವೆ ಯಾವ ಪುಟದಲ್ಲಿದೆ ಎಂಬುದು. ಹೊಸ ಕಂಪನಿಗಳು ಮುಗ್ಗರಿಸುವುದು ಈ ಬಲಗಡೆಯ ಅಂಕಣದಲ್ಲಿ. 'ಒಪ್ಪಿದೆ' ಎಂದು ಸಾಲಾಗಿ ತುಂಬಿರುತ್ತಾರೆ, ಪುಟದ ಅಂಕಣ ಖಾಲಿ. ಇಲ್ಲವೇ ತೋರಿಸಿದ ಪುಟದಲ್ಲಿ ಬಣ್ಣದ ಬ್ರೋಷರ್. ತಾಂತ್ರಿಕ ಮೌಲ್ಯಮಾಪನ ಸಮಿತಿಗೆ ಬೇಕಾದದ್ದು ಟೆಸ್ಟ್ ರಿಪೋರ್ಟು.

ಆಮೇಲೆ ಟ್ರಯಲ್. ಅದರ ಷರತ್ತು 'ನೋ ಕಾಸ್ಟ್, ನೋ ಕಮಿಟ್‌ಮೆಂಟ್': ಸಾಮಾನು ತರುವ ಖರ್ಚು ನಿಮ್ಮದು, ಕೊಳ್ಳುತ್ತೇವೆಂಬ ಮಾತು ನಮ್ಮದಲ್ಲ. ಮರಳುಗಾಡಿನ ಬಿಸಿಗೆ ಮೇ-ಜೂನ್, ಹಿಮಕ್ಕೆ ಜನವರಿ ಆಸುಪಾಸು. ಈ ಎರಡು ಕಿಟಕಿ ತಪ್ಪಿಸಿಕೊಂಡರೆ ಒಂದು ವರ್ಷ ಹೋಯಿತೆಂದೇ ಲೆಕ್ಕ. ಆರ್‌ಎಫ್‌ಪಿ ಯಾವ ತಿಂಗಳಲ್ಲಿ ಹೊರಡಬೇಕು ಎನ್ನುವುದನ್ನು ಇಲ್ಲಿಂದ ಹಿಂದಕ್ಕೆ ಎಣಿಸಬೇಕು. ಎಣಿಸುವವರು ಕಡಿಮೆ. ಇನ್ನೊಂದು ಪರೀಕ್ಷೆ ನಿರ್ವಹಣೆಯದು: ಸೇನಾ ತುಕಡಿಯ ಮೆಕ್ಯಾನಿಕ್ ತನ್ನಲ್ಲಿರುವ ಸ್ಪ್ಯಾನರಿನಿಂದ ಬಿಚ್ಚಿ ಜೋಡಿಸಬಲ್ಲನೇ ಎಂದು ನೋಡುತ್ತಾರೆ. ಬಿಡಿಭಾಗದ ಪಟ್ಟಿ, ಕೈಪಿಡಿ ಸಿದ್ಧವಿಲ್ಲದ ಕಂಪನಿ ಇಲ್ಲಿ ಸಿಕ್ಕಿಬೀಳುತ್ತದೆ.

ಪಾಸಾದವರ ವಾಣಿಜ್ಯ ಲಕೋಟೆ ಮಾತ್ರ ಒಡೆಯುವುದು. ಅದಕ್ಕೂ ಮೊದಲೇ ಮಾತುಕತೆ ಸಮಿತಿ ತನ್ನದೇ ಅಂದಾಜು ದರವನ್ನು ಬರೆದಿಟ್ಟುಕೊಂಡಿರಬೇಕು. ಅಂದಾಜಿಗೆ ಹಳೆಯ ಒಪ್ಪಂದದ ದರವನ್ನೇ ಏರಿಸಿ ಇಟ್ಟುಕೊಂಡರೆ, ಡಾಲರ್ ಏರಿದ್ದು, ಪ್ರಮಾಣ ಕಡಿಮೆಯಾಗಿದ್ದು ಲೆಕ್ಕ ತಪ್ಪಿಸುತ್ತವೆ. ಕಡಿಮೆ ದರದವನು ಎಲ್-1, ಮಾತುಕತೆ ಅವನೊಬ್ಬನ ಜೊತೆ. ಕೊನೆಗೆ ಹಣಕಾಸಿನ ಒಪ್ಪಿಗೆ. 3,000 ಕೋಟಿ ರೂಪಾಯಿ ದಾಟಿದರೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿಗೆ.

ಎಲ್-1 ಸಿಕ್ಕಿಯೂ ಮುರಿದುಬಿದ್ದದ್ದಕ್ಕೆ 126 ಯುದ್ಧವಿಮಾನಗಳ ಖರೀದಿಗಿಂತ ದೊಡ್ಡ ಉದಾಹರಣೆ ಇಲ್ಲ. 2007ರ ಆಗಸ್ಟಿನಲ್ಲಿ 211 ಪುಟಗಳ ಆರ್‌ಎಫ್‌ಪಿ ಹೊರಟಿತು. ಆರು ಕಂಪನಿಗಳು ಬಂದವು. ಬೆಂಗಳೂರು, ಜೈಸಲ್ಮೇರ್, ಲೇಹ್‌ಗಳಲ್ಲಿ ಟ್ರಯಲ್ ನಡೆದು 2011ರ ಏಪ್ರಿಲಿನಲ್ಲಿ ಇಬ್ಬರು ಉಳಿದರು. 2012ರ ಜನವರಿಯಲ್ಲಿ ರಫೇಲ್ ಎಲ್-1. ಅಲ್ಲಿಯವರೆಗೆ ಎಲ್ಲ ಸುಸೂತ್ರ. 18 ವಿಮಾನ ಹಾರಾಡುವ ಸ್ಥಿತಿಯಲ್ಲಿ ಬರಬೇಕು, 108 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕು. ಇಲ್ಲಿ ತಯಾರಾದ ವಿಮಾನದ ಗುಣಮಟ್ಟಕ್ಕೆ, ತಡಕ್ಕೆ ಹೊಣೆ ಯಾರು? ಒಂದು ವಿಮಾನಕ್ಕೆ ಇಲ್ಲಿ ಎಷ್ಟು ಮಾನವ-ಗಂಟೆ, ಫ್ರಾನ್ಸಿನಲ್ಲಿ ಎಷ್ಟು? ಈ ಎರಡು ಪ್ರಶ್ನೆಗೆ ಎರಡೂ ಕಡೆ ಒಂದೇ ಉತ್ತರ ಹುಟ್ಟಲಿಲ್ಲ. ಮೂರು ವರ್ಷ ಮಾತುಕತೆ ಎಳೆದು 2015ರಲ್ಲಿ ಟೆಂಡರ್ ಹಿಂದಕ್ಕೆ ಹೋಯಿತು. 2016ರ ಸೆಪ್ಟೆಂಬರಿನಲ್ಲಿ ಸರ್ಕಾರ-ಸರ್ಕಾರದ ನಡುವೆ 36 ವಿಮಾನಕ್ಕೆ ಸಹಿ ಬಿತ್ತು. ನೂರಾರು ತಾಂತ್ರಿಕ ಗುಣಗಳನ್ನು ಎಣಿಸಿ ಬರೆದಿದ್ದ ಆರ್‌ಎಫ್‌ಪಿಯಲ್ಲಿ ಹೊಣೆಯ ಸಾಲಿಗೆ ಮಾತ್ರ ಯೂನಿಟ್ ಇರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಸ್ಪರ್ಧೆಯೇ ಇಲ್ಲದಿದ್ದರೆ ಬೇಗ ಆಗುತ್ತದೆಯೇ? ತೇಜಸ್ ಮಾರ್ಕ್-1ಎ ನೋಡಿ. 83 ವಿಮಾನಗಳಿಗೆ ಡಿಎಸಿ ಒಪ್ಪಿಗೆ 2016ರ ನವೆಂಬರಿನಲ್ಲಿ, ಎಚ್‌ಎಎಲ್‌ಗೆ ಆರ್‌ಎಫ್‌ಪಿ 2017ರ ಡಿಸೆಂಬರಿನಲ್ಲಿ. ದರದ ಹಗ್ಗಜಗ್ಗಾಟ ಮುಗಿದು ಸಂಪುಟ ಸಮಿತಿ ಒಪ್ಪಿದ್ದು 2021ರ ಜನವರಿ 13ಕ್ಕೆ, ಯಲಹಂಕದ ಏರೋ ಇಂಡಿಯಾದಲ್ಲಿ ಒಪ್ಪಂದ ಫೆಬ್ರವರಿ 3ಕ್ಕೆ. ಮಾರುವವನು ಒಬ್ಬನೇ, ಕೊಳ್ಳುವವನೂ ಒಬ್ಬನೇ, ಆದರೂ ನಾಲ್ಕು ವರ್ಷ.

ಆ ನಾಲ್ಕು ವರ್ಷದ ಬೆಲೆ ತೆತ್ತದ್ದು ಎಂಜಿನ್. ತೇಜಸ್ಸಿನ ಎಫ್404-ಐಎನ್20 ಎಂಜಿನ್ ಅಮೆರಿಕದ ಜಿಇ ಕಂಪನಿಯದು. ಮೊದಲು ಕೇಳಿದ್ದ 65 ಎಂಜಿನ್‌ಗಳನ್ನು 2016ರ ಹೊತ್ತಿಗೆ ಕೊಟ್ಟು ಮುಗಿಸಿ, ಬೇರೆ ಆರ್ಡರ್ ಇಲ್ಲದೆ ಅವರು ಆ ಲೈನನ್ನೇ ಮುಚ್ಚಿದರು. ಇನ್ನೂ 99 ಬೇಕೆಂದು ಒಪ್ಪಂದವಾದದ್ದು 2021ರ ಆಗಸ್ಟಿನಲ್ಲಿ. ಮುಚ್ಚಿದ ಲೈನ್ ತೆರೆಯುವುದೆಂದರೆ ಸ್ವಿಚ್ ಒತ್ತುವುದಲ್ಲ. ಎರಕದವನು, ಫೋರ್ಜಿಂಗಿನವನು, ಬೇರಿಂಗಿನವನು ಬೇರೆ ಕೆಲಸ ಹಿಡಿದಿರುತ್ತಾರೆ. ಪ್ರತಿಯೊಬ್ಬರ ಪ್ರಕ್ರಿಯೆಯನ್ನೂ ಮತ್ತೆ ಪರೀಕ್ಷಿಸಿ ಒಪ್ಪಬೇಕು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚಿನಲ್ಲಿ. ವಿಮಾನಗಳ ಪೂರೈಕೆ ಶುರುವಾಗಬೇಕಿದ್ದದ್ದು ಅದಕ್ಕೂ ಒಂದು ವರ್ಷ ಮೊದಲು. 2025ರ ಸೆಪ್ಟೆಂಬರಿನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿಯ ಒಪ್ಪಂದವಾಗಿದೆ. ಮೊದಲ ಕಂತು ಮುಗಿಯುವ ಮೊದಲೇ ಎರಡನೆಯದಕ್ಕೆ ಸಹಿ ಬಿದ್ದದ್ದು ಒಳ್ಳೆಯದಾಯಿತು. ಕೆಳಗಿನ ಸಣ್ಣ ಪೂರೈಕೆದಾರನ ಯಂತ್ರ ನಿಲ್ಲುವುದಿಲ್ಲ.

ಪ್ರಚಂಡ ಹೆಲಿಕಾಪ್ಟರಿನದೂ ಇದೇ ನೆಲದ ಲೆಕ್ಕ. 2022ರಲ್ಲಿ ಮೊದಲು 15, 2025ರ ಮಾರ್ಚ್ 28ಕ್ಕೆ 156. ಇವು ತಯಾರಾಗುವುದು ಬೆಂಗಳೂರು ಮತ್ತು ಗುಬ್ಬಿ ತಾಲ್ಲೂಕಿನ ಹೊಸ ಕಾರ್ಖಾನೆಯಲ್ಲಿ. ಅಲ್ಲಿಗೆ ಬ್ರಾಕೆಟ್ಟೋ ಬುಶ್ಶೋ ಮಾಡಿಕೊಡಲು ಹೋಗುವವರು ತಿಳಿದಿರಬೇಕಾದ್ದೊಂದಿದೆ. ಕಚ್ಚಾ ಲೋಹದ ಸರಳಿನ ಮೇಲೆ ಕಾರ್ಖಾನೆಯ ಹೀಟ್ ನಂಬರ್, ಅಂದರೆ ಲೋಹ ಯಾವ ಕರಗಿಸುವಿಕೆಯದು ಎಂಬ ಗುರುತು, ಹೊಡೆದಿರುತ್ತದೆ, ಅದರ ಜೊತೆ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಸರಳನ್ನು ತುಂಡು ಮಾಡುವ ಮೊದಲು ಆ ನಂಬರನ್ನು ಪ್ರತಿ ತುಂಡಿಗೂ ದಾಟಿಸಬೇಕು. ಶೆಡ್ಡುಗಳಲ್ಲಿ ಗರಗಸದವನು ನಂಬರಿರುವ ತುದಿಯನ್ನೇ ಮೊದಲು ಕೊಯ್ದು ಬಿಸಾಡುತ್ತಾನೆ. ಆಮೇಲೆ ಮೈಕ್ರಾನ್ ಲೆಕ್ಕದಲ್ಲಿ ನಿಖರವಾಗಿ ಕಡೆದರೂ, ಇನ್‌ಸ್ಪೆಕ್ಟರ್ ಬಂದಾಗ ಆ ತುಂಡು ಯಾವ ಲೋಹವೆಂದು ಹೇಳುವ ಕಾಗದ ಇರುವುದಿಲ್ಲ. ಲಾಟು ಪೂರ್ತಿ ರಿಜೆಕ್ಷನ್ ರ್ಯಾಕಿಗೆ ಹೋಗುತ್ತದೆ, ಅಲ್ಲೂ ಕೆಂಪು ಬಣ್ಣದ ಚೀಟಿಯನ್ನೇ ಕಟ್ಟುತ್ತಾರೆ.