ಗೇಟಿಗೆ ಮೊದಲು ಗೊತ್ತಾಗಿತ್ತು

ಮಂಗಳವಾರ ಬೆಳಿಗ್ಗೆ ಐದೂ ಮುಕ್ಕಾಲು. ಅಮೆರಿಕದಲ್ಲಿ ನಾನು ಕೆಲಸ ಮಾಡುವ ವಿಮಾನ ನಿಲ್ದಾಣದ ಹೊಸ ಗೇಟು ಕೆಲಸ ಶುರು ಮಾಡಿ ಎರಡನೇ ದಿನ. ನಾನು ಬ್ಯಾಡ್ಜ್ ತೋರಿಸಿ, ಪಿನ್ ಒತ್ತಿ, ಪಿಕಪ್ ಒಳಗೆ ತಂದು ನಿಲ್ಲಿಸಿದೆ. ಒಳಗೆ ಬಂದವರು ಹಾಗೇ ಹೊರಟುಬಿಡುವ ಹಾಗಿಲ್ಲ. ಹಿಂದೆ ಗೇಟು ಪೂರ್ತಿ ಮುಚ್ಚುವವರೆಗೆ ಅಲ್ಲೇ ನಿಂತು ನೋಡಬೇಕು. ಹಿಂದಿನ ಗಾಡಿಯವರು ತಮ್ಮ ಬ್ಯಾಡ್ಜ್ ತಾವೇ ತೋರಿಸಿ ಬರಬೇಕು.

ಹಿಂದೆ ಕೇಟರಿಂಗ್ ಟ್ರಕ್ ಇತ್ತು. ಒಂದು ಸಲ ಹಾರ್ನ್ ಹೊಡೆಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮವರೇ, ಅಂದರೆ ನಾಲ್ಕು ವರ್ಷದಿಂದ ದಿನಾ ಕೈ ಬೀಸುವ ಡ್ರೈವರ್. ನಮ್ಮಪ್ಪನ ವಯಸ್ಸು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. "ಏನಪ್ಪಾ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ. ಗೇಟು ಮುಚ್ಚಲಿ" ಅಂದೆ.

ಅವರು ನಕ್ಕರು. ಗೇಟು ಮುಚ್ಚಿತು. ಅವರು ಬ್ಯಾಡ್ಜ್ ಹಿಡಿದರು. ಕೆಂಪು ದೀಪ. ಬ್ಯಾಡ್ಜನ್ನು ಅಂಗಿಗೆ ಉಜ್ಜಿ ಮತ್ತೆ ಹಿಡಿದರು. ಕೆಂಪು. ಮೂರನೇ ಸಲ ಟ್ರಕ್‌ನಿಂದ ಇಳಿದು ಬಂದು, ರೀಡರ್‌ಗೆ ತೀರಾ ಹತ್ತಿರ ಒತ್ತಿ ಹಿಡಿದುಕೊಂಡು ನಿಂತರು. ಕೆಂಪು.

ಆ ರೀಡರ್ ಕೂರಿಸಿದವನು ನಾನೇ. ನಾನು ಗುತ್ತಿಗೆ ಕಂಪನಿಯ ಎಂಜಿನಿಯರ್. ಹಾಗಾಗಿ ನನ್ನದೇ ಏನೋ ತಪ್ಪಿರಬೇಕು ಅಂದುಕೊಂಡು ಓಡಿ ಹೋದೆ. ಕಂಬಿಗಳ ಈ ಕಡೆ ನಿಂತು ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಗಾಡಿಗಳ ಸದ್ದಿಗೆ ಕೇಳಿಸಲ್ಲ ಅಂತ ಸ್ಪೀಕರ್ ಹಾಕಿದ್ದೆ. ಆ ಕಡೆಯಿಂದ ಒಬ್ಬಳು ಹುಡುಗಿ ಹೇಳಿದಳು, "ರೀಡರ್ ಸರಿಯಾಗೇ ಇದೆ. ಆ ಬ್ಯಾಡ್ಜ್ ರಾತ್ರಿ ಹನ್ನೆರಡಕ್ಕೇ ರದ್ದಾಗಿದೆ. ಅವರ ಕಂಪನಿಯವರೇ ಹೇಳಿ ಮಾಡಿಸಿದ್ದಾರೆ."

ಅವರಿಗೆ ಕೇಳಿಸಿತು. ನಾಲ್ಕು ಗಂಟೆಗೆ ಅಡುಗೆಮನೆಗೆ ಹೋಗಿ, ಊಟದ ಗಾಲಿಪೆಟ್ಟಿಗೆಗಳನ್ನು ಟ್ರಕ್‌ಗೆ ಏರಿಸಿಕೊಂಡು ಬಂದಿದ್ದರು. ಅಲ್ಲಿ ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಕೆಲಸ ಹೋದ ಸುದ್ದಿ ಅವರಿಗೆ ಗೊತ್ತಾಗಿದ್ದು ನನ್ನ ಫೋನಿನಿಂದ, ನಾನು ಕೂರಿಸಿದ ಕೆಂಪು ದೀಪದ ಮುಂದೆ.

ಗೇಟಿನ ಗಾರ್ಡ್ ಬಂದು ಕೈ ಚಾಚಿದ. ರದ್ದಾದ ಬ್ಯಾಡ್ಜ್ ತಕ್ಷಣ ವಾಪಸ್ ಪಡೆಯಬೇಕು, ಅದೂ ನಿಯಮವೇ. ಕೊರಳ ಪಟ್ಟಿಯ ಕೊಕ್ಕೆ ಬಿಡಿಸಲು ಅವರಿಗೆ ಆಗಲಿಲ್ಲ, ಬೆರಳು ಜಾರುತ್ತಿತ್ತು. ಬ್ಯಾಡ್ಜಿನ ಹಿಂದೆ ಮೊಮ್ಮಗಳು ಅಂಟಿಸಿದ ಚಿಟ್ಟೆಯ ಸ್ಟಿಕರ್ ಇತ್ತು. ಅದನ್ನು ಉಗುರಿನಲ್ಲಿ ಕೆರೆದು ಬಿಡಿಸಿಕೊಂಡು, ಜೇಬಿಗೆ ಹಾಕಿಕೊಂಡು, ಆಮೇಲೆ ಬ್ಯಾಡ್ಜ್ ಕೊಟ್ಟರು. ಗಾರ್ಡ್ ಅಷ್ಟು ಹೊತ್ತೂ ಸುಮ್ಮನೆ ನಿಂತು ಕಾದ. ಒಳ್ಳೆಯ ಮನುಷ್ಯ ಅವನು. ಅವಸರ ಮಾಡಬಹುದಿತ್ತು, ಹಿಂದೆ ಆರು ಗಾಡಿ ನಿಂತಿದ್ದವು.

ಅವತ್ತಿನಿಂದ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ. ನನ್ನ ಮೇಲೆ ನಂಬಿಕೆ ಇಲ್ವಾ?

ನಮ್ಮ ಕಡೆಯವರಿಗೆ ಇಲ್ಲಿಯ ವ್ಯವಸ್ಥೆ ವಿಚಿತ್ರ ಅನ್ನಿಸಬಹುದು. ಬೆಂಗಳೂರಿನ ವಿಮಾನ ನಿಲ್ದಾಣವನ್ನು ನಡೆಸುವುದು ಒಂದು ಕಂಪನಿ, ಕಾಯುವುದು ಸಿಐಎಸ್‌ಎಫ್. ಪಾಲಿಕೆಗೂ ಅದಕ್ಕೂ ಸಂಬಂಧ ಇಲ್ಲ. ಅಮೆರಿಕದಲ್ಲಿ ಅಟ್ಲಾಂಟಾ, ಫೀನಿಕ್ಸ್, ಡೆನ್ವರ್, ಸ್ಯಾನ್ ಹೋಸೆಯಂಥ ಎಷ್ಟೋ ಊರುಗಳಲ್ಲಿ ವಿಮಾನ ನಿಲ್ದಾಣ ನಗರಾಡಳಿತದ್ದೇ. ನೀರು, ಕಸ, ಲೈಬ್ರರಿ ನೋಡಿಕೊಳ್ಳುವ ಹಾಗೇ ರನ್‌ವೇಯನ್ನೂ ನೋಡಿಕೊಳ್ಳುತ್ತದೆ. ನಾನಿರುವ ನೈರುತ್ಯದ ಈ ಊರಲ್ಲೂ ಅಷ್ಟೇ. ನಮ್ಮ ಗೇಟಿನ ಖರ್ಚು ಕೌನ್ಸಿಲ್ ಸಭೆಗೆ ಬಂದ ದಿನ ನಾನೂ ಹೋಗಿ ಕೂತಿದ್ದೆ. ಅದರ ಹಿಂದಿನ ವಿಷಯ ಒಂದು ಪಾರ್ಕಿನ ಶೌಚಾಲಯದ್ದು. ಯಾರೂ ಪ್ರಶ್ನೆ ಕೇಳಲಿಲ್ಲ, ಎಲ್ಲರೂ ಕೈ ಎತ್ತಿದರು, ಮುಗಿಯಿತು.

ಹಳೆಯ ಗೇಟು ಜಾಲರಿಯದು. ಗಾಲಿಯ ಮೇಲೆ ಉರುಳುತ್ತಿತ್ತು. ಗಾಳಿ ಜೋರಾದರೆ ಅಲ್ಲಾಡುತ್ತಿತ್ತು. ಅಂಥದ್ದನ್ನು ಮುರಿಯಲು ಒಂದು ಕಾರು ಸಾಕು. 2012ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಒಬ್ಬ ಜೀಪಿನಲ್ಲಿ ಗೇಟು ಮುರಿದುಕೊಂಡು ನೇರ ರನ್‌ವೇಗೆ ನುಗ್ಗಿದ, ಇಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲೆ ಕಳಿಸಬೇಕಾಯಿತು. ನಾವು ಈಗ ಹಾಕಿರುವ ತಡೆ ಎಂ-50 ದರ್ಜೆಯದು. 6,800 ಕಿಲೋ ತೂಕದ ಲಾರಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದರೂ ನಿಲ್ಲಿಸಬೇಕು. ಅದಕ್ಕೆ ತೋಡಿದ ಗುಂಡಿ, ಹಾಕಿದ ಕಬ್ಬಿಣ, ಸುರಿದ ಕಾಂಕ್ರೀಟ್ ನೋಡಿದರೆ ಸಣ್ಣ ಸೇತುವೆ ಕಟ್ಟುತ್ತಿದ್ದಾರೆ ಅನ್ನಬೇಕು. ಗಾಡಿ ಬಂದದ್ದು ಗೊತ್ತಾಗಲು ರಸ್ತೆಯಲ್ಲಿ ಗರಗಸದಿಂದ ಸೀಳು ಕೊಯ್ದು, ಒಳಗೆ ತಂತಿ ಸುತ್ತಿ, ಮೇಲೆ ಕಪ್ಪು ಅಂಟು ತುಂಬುತ್ತೇವೆ. ಬೇಸಿಗೆಯ ಬಿಸಿಲಿಗೆ ಆ ಅಂಟು ಬೂಟಿಗೆ ಹತ್ತಿಕೊಂಡು ಮನೆಯವರೆಗೂ ಬರುತ್ತಿತ್ತು.

ಆದರೆ ನನಗೆ ಜಾಸ್ತಿ ಹೆಮ್ಮೆ ಇದ್ದದ್ದು ಕಾಂಕ್ರೀಟಿನ ಬಗ್ಗೆ ಅಲ್ಲ, ಬ್ಯಾಡ್ಜ್ ರದ್ದಾಗುವ ವೇಗದ ಬಗ್ಗೆ. ಮೊದಲು ಕಚೇರಿಯಲ್ಲಿ ಒಂದು ಬ್ಯಾಡ್ಜ್ ನಿಲ್ಲಿಸಿದರೆ ಆ ಸುದ್ದಿ ಈ ಗೇಟಿನ ಪೆಟ್ಟಿಗೆಗೆ ತಲುಪುವುದು ಕೆಲವು ಸಲ ಗಂಟೆಗಟ್ಟಲೆ ತಡವಾಗುತ್ತಿತ್ತು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಪರೀಕ್ಷೆ ಮಾಡಿದ ದಿನ ನಾವು ಚಪ್ಪಾಳೆ ತಟ್ಟಿದ್ದೆವು.

ಆ ಆತುರಕ್ಕೆ ಕಾರಣ ಇದೆ. 1987ರ ಡಿಸೆಂಬರ್ 7. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಪಿಎಸ್‌ಎ ಕಂಪನಿಯ 1771 ನಂಬರಿನ ವಿಮಾನ. ಕೆಲಸದಿಂದ ತೆಗೆದುಹಾಕಿದ್ದ ನೌಕರನೊಬ್ಬ ತನ್ನ ಗುರುತಿನ ಚೀಟಿ ವಾಪಸ್ ಕೊಟ್ಟಿರಲಿಲ್ಲ. ಅದನ್ನೇ ತೋರಿಸಿ ತಪಾಸಣೆ ತಪ್ಪಿಸಿಕೊಂಡು, ರಿವಾಲ್ವರ್ ಸಮೇತ ವಿಮಾನ ಹತ್ತಿದ. 43 ಜನ ಸತ್ತರು. 1989ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮ ತಂದಿತು. ಯಾರ ಅನುಮತಿ ಹೋಗಿದೆಯೋ ಅವರನ್ನು ಬಾಗಿಲಲ್ಲೇ ತಕ್ಷಣ ತಡೆಯುವಂಥ ವ್ಯವಸ್ಥೆ ಇರಬೇಕು ಅಂತ. ನಾನು ಮಾಡುವ ಕೆಲಸದ ಬೇರು ಅಲ್ಲಿದೆ. ಆ ನಿಯಮ ಸರಿ ಅಂತ ಇವತ್ತೂ ಹೇಳುತ್ತೇನೆ. ಮುಂದಿನ ವಾರವೂ ಗೇಟು ಮುಚ್ಚುವವರೆಗೆ ಕಾಯುತ್ತೇನೆ, ಹಿಂದೆ ನನ್ನ ಸ್ವಂತ ತಮ್ಮ ನಿಂತಿದ್ದರೂ.

ಅದಕ್ಕೇ ಸಂಕಟ ಜಾಸ್ತಿ. ಗೇಟು ತಪ್ಪು ಮಾಡಿದ್ದರೆ ಸರಿ ಮಾಡಬಹುದಿತ್ತು.

ಹಳೆಯ ಗೇಟೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ. ಬಹುಶಃ ಅವರು ಒಳಗೆ ಬರುತ್ತಿದ್ದರು, ವಿಮಾನಗಳಿಗೆ ಊಟ ಏರಿಸುತ್ತಿದ್ದರು. ಮಧ್ಯಾಹ್ನ ಯಾರೋ ಒಬ್ಬರು ಕರೆದು, ಕುರ್ಚಿ ಕೊಟ್ಟು, ಬಾಯಿಬಿಟ್ಟು ಹೇಳುತ್ತಿದ್ದರು. ಆ ಹೇಳುವ ಕಷ್ಟ ಒಬ್ಬ ಮೇಲಿನವನ ಪಾಲಿಗೆ ಬರುತ್ತಿತ್ತು. ಈಗ ಅವನು ಬ್ಯಾಡ್ಜ್ ಕಚೇರಿಗೆ ಒಂದು ಮೇಲ್ ಹಾಕಿ ಮಲಗಿದ. ನನಗೆ ಆ ಮನುಷ್ಯನ ಮೇಲೆ ಕೋಪ ಇದೆ, ಅವನ ಮುಖ ನೋಡಿಲ್ಲದಿದ್ದರೂ. ನಾಲ್ಕು ಗಂಟೆಗೆ ಎದ್ದು ಬರುವವರಿಗೆ ಹಿಂದಿನ ಸಂಜೆ ಒಂದು ಫೋನ್ ಮಾಡಲು ಎಷ್ಟು ಹೊತ್ತು ಬೇಕು?

ನಮ್ಮಜ್ಜ ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿದ್ದರು. ಒಂದು ದಿನ ಬೆಳಗಿನ ಪಾಳಿಗೆ ಬುತ್ತಿ ಹಿಡಿದುಕೊಂಡು ಹೋದರೆ ಗೇಟಿಗೆ ಬೀಗ, ಬೀಗದ ಪಕ್ಕ ಒಂದು ಚೀಟಿ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಪಕ್ಕದವರು ಓದಿ ಹೇಳಿದರಂತೆ. ಮಿಲ್ಲು ನಿಂತದ್ದಕ್ಕಿಂತ ಅಜ್ಜ ಕೊನೆತನಕ ಹೇಳುತ್ತಿದ್ದದ್ದು ಅದನ್ನೇ, "ಮೂವತ್ತು ವರ್ಷ ದುಡದೀವಿ, ಒಬ್ಬರಾದ್ರೂ ಬಂದು ಹೇಳಬೇಕಿತ್ತಪ್ಪಾ." ಚಿಕ್ಕವನಿದ್ದಾಗ ನನಗೆ ಅರ್ಥವಾಗುತ್ತಿರಲಿಲ್ಲ. ಯಾರು ಹೇಳಿದರೇನು, ಕೆಲಸ ಹೋದದ್ದು ಹೋಯಿತಲ್ಲ ಅನ್ನಿಸುತ್ತಿತ್ತು. ಮಂಗಳವಾರ ಆ ಚೀಟಿ ಓದಿದ ಪಕ್ಕದವನ ಜಾಗದಲ್ಲಿ ನಾನು ನಿಂತಿದ್ದೆ.

ಬುಧವಾರ ನಮ್ಮ ಮ್ಯಾನೇಜರ್ ಹತ್ತಿರ ಮಾತಾಡಿದೆ. ಒಳ್ಳೆಯವನೇ, ಆದರೆ "ಅದು ನಮ್ಮ ಕೆಲಸ ಅಲ್ಲ" ಅಂದ. ನಾನು ಬಿಡಲಿಲ್ಲ, ಬ್ಯಾಡ್ಜ್ ಕಚೇರಿಗೇ ಹೋದೆ. ಅಲ್ಲಿ ಕೂತಿರುವ ಹೆಂಗಸು ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಾರೆ, ಎಲ್ಲರೂ ಅವರನ್ನು ಕಂಡರೆ ಹೆದರುತ್ತಾರೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಂಪನಿಗಳು ತುಂಬುವ ಫಾರಂ ತೆಗೆದು ನನ್ನ ಕಡೆ ತಿರುಗಿಸಿದರು. ಹೆಸರು, ಬ್ಯಾಡ್ಜ್ ನಂಬರ್, ಕಾರಣ, ಯಾವ ಹೊತ್ತಿನಿಂದ ರದ್ದು. "ನೌಕರನಿಗೆ ತಿಳಿಸಲಾಗಿದೆಯೇ" ಅಂತ ಒಂದು ಸಾಲು ಸೇರಿಸಬಹುದಾ ಅಂತ ಕೇಳಿದೆ. ಇಲ್ಲ ಅಂತ ಬರೆದರೂ ಬ್ಯಾಡ್ಜ್ ರದ್ದಾಗಲಿ, ಒಂದು ನಿಮಿಷವೂ ತಡ ಬೇಡ. ಆದರೆ ಬರೆಯುವವನು ಆ ಸಾಲಿನ ಮುಂದೆ ಒಂದು ಕ್ಷಣ ಪೆನ್ನು ಹಿಡಿದು ನಿಲ್ಲಬೇಕು, ಅಷ್ಟೇ. ಅವರು ಪೆನ್ಸಿಲ್ ತೆಗೆದು ಫಾರಂನ ಅಂಚಿನಲ್ಲಿ ಏನೋ ಬರೆದುಕೊಂಡರು. ಆಗುತ್ತೆ ಅನ್ನಲಿಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ.

ಕಳೆದ ತಿಂಗಳು ಆ ಡ್ರೈವರ್ ಒಂದು ಡಬ್ಬಿಯಲ್ಲಿ ಹೆಂಡತಿ ಮಾಡಿದ ತಮಾಲೆ ಕೊಟ್ಟಿದ್ದರು. ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು. ನಮ್ಮ ಕಡೆ ಅರಿಶಿನ ಎಲೆಯಲ್ಲಿ ಕಡುಬು ಮಾಡುತ್ತಾರಲ್ಲ, ಹಾಗೆ. ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ. ಖಾಲಿ ಡಬ್ಬಿ ಕೊಡಬಾರದು ಅಂತ ನನ್ನವಳು ಇಟ್ಟುಕೊಂಡಿದ್ದಳು. ಅವರ ಫೋನ್ ನಂಬರ್ ನನ್ನ ಹತ್ತಿರ ಇರಲೇ ಇಲ್ಲ, ನಾಲ್ಕು ವರ್ಷ ಬರೀ ಕೈ ಬೀಸಿದ್ದೇ ಆಯಿತು. ನಿನ್ನೆ ಗಾರ್ಡ್ ಹತ್ತಿರ ಇಸಿದುಕೊಂಡೆ. ಫೋನ್ ಮಾಡಿದರೆ ಮೊದಲು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಶನಿವಾರ ಮನೆಯಲ್ಲೇ ಇರುತ್ತೇನೆ ಬಾ ಅಂದರು.

ಇವಳು ಕೋಡುಬಳೆ ಕರಿಯುತ್ತಿದ್ದಾಳೆ. ಖಾರ ಕಡಿಮೆ ಹಾಕು, ಮೊಮ್ಮಗಳೂ ಇರ್ತಾಳೆ ಅಂದಿದ್ದೇನೆ.