ಆಸ್ಪತ್ರೆ ಬಿಲ್ಲಿನ ಜಗಳಕ್ಕೆ ಬಣ್ಣ ಎಲ್ಲಿಂದ ಬಂತು

ಅಮೆರಿಕಾದಲ್ಲಿ ಆನ್‌ಲೈನ್‌ನಲ್ಲಿ ಯಾರಾದ್ರೂ ಆಸ್ಪತ್ರೆ ಖರ್ಚಿನ ಬಗ್ಗೆ ಒಂದು ಮಾತು ಬರೆದ್ರೆ ಸಾಕು, ಸ್ವಲ್ಪ ಹೊತ್ತಲ್ಲೇ ಅದು ಕರಿಯರು ಬಿಳಿಯರು ಅನ್ನೋ ಜಗಳ ಆಗುತ್ತೆ, ಆಮೇಲೆ ನೀನು ಆ ಪಾರ್ಟಿ ನಾನು ಈ ಪಾರ್ಟಿ ಅಂತ ಕೆಸರೆರಚಾಟ, ಕೊನೆಗೆ ಆಸ್ಪತ್ರೆ ವಿಷ್ಯ ಎಲ್ಲಿ ಹೋಯ್ತು ಅಂತ ಹುಡುಕಿದ್ರೂ ಸಿಗಲ್ಲ. ನಾನಿರೋದು ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಹತ್ರ. ವೋಟೂ ಇಲ್ಲೇ ಹಾಕ್ತೀನಿ. ಈ ಜಗಳದಲ್ಲಿ ನಮ್ಮ ಕನ್ನಡದವರೂ ಜೋರಾಗೇ ಇದಾರೆ, ಅದಕ್ಕೇ ಇದನ್ನ ಕನ್ನಡದಲ್ಲೇ ಬರೀಬೇಕು ಅನ್ನಿಸ್ತು.

2025ರ ಅಕ್ಟೋಬರ್ 1ಕ್ಕೆ ಸರ್ಕಾರ ಶಟ್‌ಡೌನ್ ಆಯ್ತಲ್ಲ, ಅಂದ್ರೆ ಬಜೆಟ್ ಪಾಸ್ ಆಗದೇ ಸರ್ಕಾರಿ ಕೆಲಸ ನಿಂತ್ವಲ್ಲ, ನವೆಂಬರ್ 12ರ ತನಕ ಎಳೀತಲ್ಲ, ಆಗ ಮುಖ್ಯವಾಗಿ ಜಗಳ ಇದ್ದಿದ್ದು ಒಬಾಮಾಕೇರ್ (ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನು) ಇನ್ಶೂರೆನ್ಸ್ ತಗೊಂಡವರ ಪ್ರೀಮಿಯಂ ಮೇಲೆ ಸಿಗ್ತಿದ್ದ ಎಕ್ಸ್‌ಟ್ರಾ ಸಬ್ಸಿಡಿ ಮುಂದುವರಿಸ್ಬೇಕಾ ಬೇಡ್ವಾ ಅನ್ನೋದ್ರ ಬಗ್ಗೆ. ಆದ್ರೆ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದಿದ್ದೇ ಬೇರೆ, "ಕಳ್ಳದಾರೀಲಿ ಬಂದೋರಿಗೆ ಪುಕ್ಕಟೆ ಟ್ರೀಟ್‌ಮೆಂಟ್ ಕೊಡ್ಸೋಕೆ ಡೆಮಾಕ್ರಾಟ್‌ಗಳು ದೇಶಾನೇ ನಿಲ್ಸಿದಾರೆ" ಅಂತ ಒಂದು ಫಾರ್ವರ್ಡ್, ಅದರ ಕೆಳಗೆ ಬೆಂಕಿ ಎಮೋಜಿ, ಅದಕ್ಕೆ ಇನ್ನೊಬ್ರು "ನೀವೆಲ್ಲ ರೇಸಿಸ್ಟ್‌ಗಳು" ಅಂತ ಉತ್ತರ, ಮುಗೀತು ಕಥೆ, ವರ್ಷಾನುಗಟ್ಟಲೆ ಒಟ್ಟಿಗೆ ರಾಜ್ಯೋತ್ಸವ ಮಾಡಿದ ಎರಡು ಮನೆಯವರು ಗ್ರೂಪ್ ಬಿಟ್ಟು ಹೋದ್ರು.

ಕಾನೂನು ಏನು ಹೇಳುತ್ತೆ ಅಂದ್ರೆ, ಪೇಪರ್ ಇಲ್ದೇ ಇರೋವ್ರು ಒಬಾಮಾಕೇರ್ ಮಾರ್ಕೆಟ್‌ನಲ್ಲಿ ತಮ್ಮ ಜೇಬಿಂದ ಪೂರ್ತಿ ದುಡ್ಡು ಕೊಡ್ತೀನಿ ಅಂದ್ರೂ ಇನ್ಶೂರೆನ್ಸ್ ತಗೊಳ್ಳೋ ಹಾಗಿಲ್ಲ. ಇದು 2010ರಿಂದಲೂ ಹಾಗೇ ಇದೆ. ಎಮರ್ಜೆನ್ಸಿಗೆ ಯಾರು ಬಂದ್ರೂ ಮೊದಲು ನೋಡಿ ಜೀವ ಉಳಿಸ್ಬೇಕು ಅನ್ನೋ ಕಾನೂನು ಬೇರೆ, ಅದು 1986ರದ್ದು, ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್. ಕ್ಯಾಲಿಫೋರ್ನಿಯಾ ಥರದ ಕೆಲವು ರಾಜ್ಯಗಳು ತಮ್ಮ ದುಡ್ಡಲ್ಲಿ ಇನ್ನೂ ಜಾಸ್ತಿ ಮಾಡ್ತವೆ, ಅದು ಸರಿಯೋ ತಪ್ಪೋ ಅಂತ ವಾದ ಮಾಡ್ಬಹುದು, ಮಾಡ್ಲೇಬೇಕು. ಆದ್ರೆ ಈ ಮೂರೂ ಬೇರೆ ಬೇರೆ ವಿಷ್ಯ, ಮೂರನ್ನೂ ಒಂದೇ ಫೋಟೋ ಮೇಲೆ ಬರ್ದು ಕಳಿಸಿದ್ರೆ ವಾದ ಮಾಡೋಕೆ ಏನೂ ಉಳಿಯಲ್ಲ.

ಇದೇನು ಹೊಸದಲ್ಲ. 2009ರ ಸೆಪ್ಟೆಂಬರ್ 9ಕ್ಕೆ ಒಬಾಮಾ ಹೆಲ್ತ್‌ಕೇರ್ ಬಗ್ಗೆ ಸಂಸತ್ತಿನ ಎರಡೂ ಸದನದ ಮುಂದೆ ಮಾತಾಡ್ತಿದ್ರು, ಅಕ್ರಮವಾಗಿ ಇರೋರಿಗೆ ಈ ಕಾನೂನು ಅನ್ವಯಿಸಲ್ಲ ಅಂತ ಹೇಳಿದ ಕೂಡ್ಲೇ ಪಕ್ಕದ ಸೌತ್ ಕ್ಯಾರೊಲಿನಾದ ರಿಪಬ್ಲಿಕನ್ ಸದಸ್ಯ ಜೋ ವಿಲ್ಸನ್ ಕೂತಲ್ಲಿಂದಲೇ "ಯೂ ಲೈ" ಅಂತ ಕೂಗಿದ್ರು. ಸದನ 240ಕ್ಕೆ 179 ವೋಟಲ್ಲಿ ಖಂಡನೆ ನಿರ್ಣಯ ಪಾಸ್ ಮಾಡ್ತು. ಕೆಲವೇ ದಿನದಲ್ಲಿ ವಿಲ್ಸನ್‌ಗೂ ಅವರ ಎದುರಾಳಿಗೂ ಆನ್‌ಲೈನ್‌ನಲ್ಲಿ ತಲಾ ಹತ್ತು ಲಕ್ಷ ಡಾಲರ್ ದಾಟಿ ಚಂದಾ ಹರಿದು ಬಂತು. ನನಗೆ ಕೂಗಿದ್ದಕ್ಕಿಂತ ಇದೇ ಭಯ ಹುಟ್ಟಿಸೋದು, ಬೈಗುಳಕ್ಕೆ ಎರಡೂ ಕಡೆ ದುಡ್ಡು ಬರುತ್ತೆ ಅಂತ ಗೊತ್ತಾದ್ಮೇಲೆ ಯಾರು ತಾನೇ ಮೆತ್ತಗೆ ಮಾತಾಡ್ತಾರೆ? ಆಗ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದೆಲ್ಲ ಬಹುಪಾಲು ಒಬಾಮಾ ಕರಿಯರು ಅನ್ನೋ ಕಾರಣಕ್ಕೇ ಅಂದ್ರು, ಒಬಾಮಾ ಹಾಗಲ್ಲ ಅಂದ್ರು. ಆ ಇಬ್ಬರ ಭಿನ್ನಾಭಿಪ್ರಾಯವೇ ಇವತ್ತಿಗೂ ಪ್ರತಿಯೊಂದು ಥ್ರೆಡ್ಡಲ್ಲೂ ನಡೀತಾ ಇದೆ.

ನನ್ನ ಅನಿಸಿಕೆ ಹೇಳ್ತೀನಿ. ಇಲ್ಲಿ ಆಸ್ಪತ್ರೆ ಅನ್ನೋದಕ್ಕೂ ಬಣ್ಣಕ್ಕೂ ನಂಟು ಇದೆ, ಅದು ಯಾರೋ ಎಡಪಂಥೀಯರು ಕಟ್ಟಿದ ಕಥೆ ಅಲ್ಲ. ನಮ್ಮೂರಿಂದ ಒಂದೂಕಾಲು ಗಂಟೆ ಡ್ರೈವ್ ಮಾಡಿದ್ರೆ ಗ್ರೀನ್ಸ್‌ಬರೋ ಸಿಗುತ್ತೆ. ಅಲ್ಲಿ ಜಾರ್ಜ್ ಸಿಮ್‌ಕಿನ್ಸ್ ಅಂತ ಒಬ್ಬ ಕಪ್ಪು ಡೆಂಟಿಸ್ಟ್ ಇದ್ರು. ಅವರ ಹತ್ರ ಬಂದ ಪೇಷೆಂಟಿಗೆ ಹಲ್ಲಲ್ಲಿ ಕೀವು ತುಂಬಿ ಜ್ವರ ಏರಿತ್ತು, ಅಡ್ಮಿಟ್ ಮಾಡ್ಲೇಬೇಕಿತ್ತು. ಕರಿಯರ ಆಸ್ಪತ್ರೇಲಿ ಬೆಡ್ ಖಾಲಿ ಇಲ್ಲ, ವೇಟಿಂಗ್ ಲಿಸ್ಟು. ಊರಲ್ಲಿದ್ದ ಎರಡು ದೊಡ್ಡ ಆಸ್ಪತ್ರೆ, ಮೋಸಸ್ ಕೋನ್ ಮತ್ತೆ ವೆಸ್ಲಿ ಲಾಂಗ್, ಎರಡೂ ಸೇರಿಸ್ಕೊಳ್ಳಲಿಲ್ಲ. ಅವೆರಡೂ ಕಟ್ಟಿದ್ದಕ್ಕೆ ಸರ್ಕಾರದ ದುಡ್ಡು ಹೋಗಿತ್ತು, ಅಂದ್ರೆ ಆ ಪೇಷೆಂಟ್ ಕಟ್ಟಿದ ಟ್ಯಾಕ್ಸೂ ಅದರಲ್ಲಿತ್ತು! 1946ರ ಹಿಲ್-ಬರ್ಟನ್ ಕಾನೂನಲ್ಲಿ ಕರಿಯರಿಗೆ ಬೇರೆ ವ್ಯವಸ್ಥೆ ಇದ್ರೆ ಸಾಕು ಅಂತ ಬಿಳಿಯರ ಆಸ್ಪತ್ರೆ ಕಟ್ಟೋಕೂ ದುಡ್ಡು ಕೊಡ್ತಿದ್ರು. ಸಿಮ್‌ಕಿನ್ಸ್ ಮತ್ತೆ ಇನ್ನಷ್ಟು ಡಾಕ್ಟರ್‌ಗಳು, ಪೇಷೆಂಟ್‌ಗಳು ಸೇರಿ 1962ರಲ್ಲಿ ಕೇಸ್ ಹಾಕಿದ್ರು, ಕೆಳಗಿನ ಕೋರ್ಟಲ್ಲಿ ಸೋತ್ರು, 1963ರಲ್ಲಿ ಅಪೀಲಲ್ಲಿ ಗೆದ್ರು, 1964ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನ ಮುಟ್ಟೋಕೆ ಹೋಗಲಿಲ್ಲ. ಆ ಆಸ್ಪತ್ರೆ ಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ, ಅಷ್ಟೊತ್ತಿಗೆ ಕೇಸ್ ಹಾಕಿದವರಲ್ಲಿ ಬದುಕಿದ್ದವರು ಒಬ್ರೇ.

ಇದಾದ್ಮೇಲೆ ಮೆಡಿಕೇರ್ ಬಂತು, ಅಂದ್ರೆ ವಯಸ್ಸಾದವರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ. 1965ರ ಜುಲೈ 30ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ರು, ಮುಂದಿನ ವರ್ಷ ಜುಲೈಗೆ ಜಾರಿಗೆ ಬಂತು. ಸರ್ಕಾರ ಒಂದೇ ಕಂಡೀಷನ್ ಹಾಕ್ತು, ವಾರ್ಡು, ವೇಟಿಂಗ್ ರೂಮು, ಸ್ಟಾಫು ಎಲ್ಲೂ ಬಣ್ಣ ನೋಡಿ ಬೇರೆ ಮಾಡೋ ಹಾಗಿಲ್ಲ, ಮಾಡಿದ್ರೆ ಮೆಡಿಕೇರ್ ದುಡ್ಡು ಇಲ್ಲ. ಕೆಲವೇ ತಿಂಗಳಲ್ಲಿ ಸಾವಿರಕ್ಕಿಂತ ಹೆಚ್ಚು ಆಸ್ಪತ್ರೆ ದಾರಿಗೆ ಬಂದ್ವು. ವರ್ಷಗಟ್ಟಲೆ ಹೋರಾಟದಲ್ಲಿ ಆಗದೇ ಇದ್ದಿದ್ದು ದುಡ್ಡಿನ ಹಗ್ಗ ಬಿಗಿ ಮಾಡಿದ ತಕ್ಷಣ ಆಯ್ತು, ಹಾಗಂತ ಎಲ್ಲ ಸರಿಹೋಯ್ತಾ ಅಂದ್ರೆ ಇಲ್ಲ, ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ 2022ರ ಲೆಕ್ಕದಲ್ಲೂ 1 ಲಕ್ಷ ಹೆರಿಗೆಗೆ ಸಾಯೋ ಬಿಳಿ ತಾಯಂದಿರು 19, ಕಪ್ಪು ತಾಯಂದಿರು 49.5. ಈ ನಂಬರ್ ಮುಂದೆ ಇಟ್ಕೊಂಡು "ಬಣ್ಣದ ಮಾತು ಯಾಕೆ ತರ್ತೀರಿ" ಅಂತ ಕೇಳೋಕೆ ನನಗಂತೂ ಬಾಯಿ ಬರಲ್ಲ.

ಈಗ ನಮ್ಮ ವಿಷ್ಯಕ್ಕೆ ಬರ್ತೀನಿ. ಮೆಡಿಕೇರ್‌ಗೆ ಸಹಿ ಬಿದ್ದ ಅದೇ ವರ್ಷ ಅಕ್ಟೋಬರ್ 3ಕ್ಕೆ ಅದೇ ಜಾನ್ಸನ್ ಹೊಸ ಇಮಿಗ್ರೇಷನ್ ಕಾನೂನಿಗೂ ಸಹಿ ಹಾಕಿದ್ರು. ಅದಕ್ಕೂ ಮುಂಚೆ ಇಡೀ ಇಂಡಿಯಾಗೆ ಇದ್ದ ಕೋಟಾ ವರ್ಷಕ್ಕೆ 100 ಜನ. ಕರಿಯರು ಬೀದೀಲಿ ಲಾಠಿ ಏಟು ತಿಂದು, ಜೈಲಿಗೆ ಹೋಗಿ ಕಟ್ಟಿದ ಸಿವಿಲ್ ರೈಟ್ಸ್ ಚಳವಳಿ ಇಲ್ದೇ ಇದ್ದಿದ್ರೆ ಆ ಬಾಗಿಲು ಆಗ ತೆರೀತಿರಲಿಲ್ಲ. ಮೆಡಿಕೇರ್ ಬಂದು ಪೇಷೆಂಟ್‌ಗಳು ಜಾಸ್ತಿ ಆದ್ರು, ಡಾಕ್ಟರ್‌ಗಳು ಸಾಲ್ದೇ ಹೋದ್ರು, ನಮ್ಮ ಮೈಸೂರು ಮೆಡಿಕಲ್ ಕಾಲೇಜು, ಬೆಂಗಳೂರು ಮೆಡಿಕಲ್ ಕಾಲೇಜು, ಮಣಿಪಾಲದಲ್ಲಿ ಓದಿದವರೆಲ್ಲ ವಿಮಾನ ಹತ್ತಿದ್ರು. ನಮ್ಮ ಕನ್ನಡ ಕೂಟದ ರಿಟೈರ್ಡ್ ಡಾಕ್ಟ್ರೊಬ್ರು, ನಾವೆಲ್ಲ ಡಾಕ್ಟರ್ ಅಂಕಲ್ ಅಂತೀವಿ, ಎಪ್ಪತ್ತರ ದಶಕದಲ್ಲಿ ದಕ್ಷಿಣದ ಒಂದು ಚಿಕ್ಕ ಊರಿಗೆ ಬಂದೋರು, ಅವ್ರು ಹೇಳ್ತಿದ್ರು, ಆಸ್ಪತ್ರೆಯ ಹಳೇ ಕಟ್ಟಡದಲ್ಲಿ ಆಗ್ಲೂ ಎರಡೆರಡು ಬಾಗಿಲು, ಎರಡೆರಡು ವೇಟಿಂಗ್ ರೂಮು, ನೀರು ಕುಡಿಯೋ ನಲ್ಲಿ ಕೂಡ ಎರಡು, ಬೋರ್ಡು ಮಾತ್ರ ಕಿತ್ತಿದ್ರು, ಬೋರ್ಡ್ ಇದ್ದ ಜಾಗದಲ್ಲಿ ಗೋಡೆ ಬಣ್ಣ ಬೇರೆ ಕಾಣ್ತಿತ್ತಂತೆ, ವಯಸ್ಸಾದ ಕಪ್ಪು ಪೇಷೆಂಟ್‌ಗಳು ಬೋರ್ಡ್ ಇಲ್ದೇ ಇದ್ರೂ ಹಿಂದಿನ ಬಾಗಿಲಿಂದಲೇ ಬರ್ತಿದ್ರಂತೆ. "ಮುಂದಿಂದ ಬಾಮ್ಮ ಅಂತ ಕೈ ಹಿಡ್ಕೊಂಡು ಕರ್ಕೊಂಡು ಬರಬೇಕಾಗಿತ್ತು ಕಣಪ್ಪಾ" ಅಂದ್ರು.

ಇಷ್ಟೆಲ್ಲ ಇದ್ರೂ ನಮ್ಮವರೇ ಗ್ರೂಪಲ್ಲಿ ಬರೀತಾರೆ, ಊರಲ್ಲಿ ರಿಸರ್ವೇಶನ್ ಕಾಟ ಇಲ್ಲಿ ಇವರ ಕಾಟ, ನಾವು ಮೆರಿಟ್ ಮೇಲೆ ಬಂದೋರು, ನಮ್ಮ ಟ್ಯಾಕ್ಸಲ್ಲಿ ಸೋಂಬೇರಿಗಳು ಕೂತು ತಿಂತಾರೆ. ಓದಿದಾಗ ಹೊಟ್ಟೆ ಉರಿಯುತ್ತೆ. ಮೆರಿಟ್ ಇತ್ತು ಸ್ವಾಮಿ, ಯಾರು ಇಲ್ಲ ಅಂದ್ರು? 1960ರಲ್ಲೂ ನಮ್ಮವರಿಗೆ ಮೆರಿಟ್ ಇತ್ತು, ವೀಸಾ ಇರಲಿಲ್ಲ. ಊರಿನ ಜಾತಿ ಸಿಟ್ಟನ್ನ ಸೂಟ್‌ಕೇಸಲ್ಲಿ ತಂದು ಇಲ್ಲಿಯ ಬಡ ಕರಿಯರ ಮೇಲೆ ಹಾಕೋದು ದೊಡ್ಡ ಅನ್ಯಾಯ, ಇದನ್ನ ನಾನು ಮುಖಕ್ಕೆ ಹೇಳಿದ್ದೀನಿ, ಮತ್ತೆ ಹೇಳ್ತೀನಿ.

ಆದ್ರೆ ಇನ್ನೊಂದು ಕಡೆಯವರಿಗೂ ಒಂದು ಮಾತು. ಒಬಾಮಾಕೇರ್ ಬೇಡ ಅನ್ನೋ ಪ್ರತಿಯೊಬ್ಬನಿಗೂ ರೇಸಿಸ್ಟ್ ಅಂತ ಹಣೆಪಟ್ಟಿ ಕಟ್ಟಿದ್ರೆ ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೇ. ನಮ್ಮ ಬೀದೀಲಿ ಒಬ್ರು ಬಿಳಿ ಯಜಮಾನ್ರಿದಾರೆ, ಮನೆ ಮುಂದೆ ಟ್ರಂಪ್ ಬಾವುಟ, ಒಬಾಮಾ ಹೆಸರು ಎತ್ತಿದ್ರೆ ಮುಖ ಗಂಟು. ಅವರ ಹೆಂಡತಿಗೆ ರಾತ್ರಿ ಎದೆನೋವು ಬಂದು ಆಂಬುಲೆನ್ಸಲ್ಲಿ ಹೋದ್ರು, ಆಮೇಲೆ ಇನ್ಶೂರೆನ್ಸಿಂದ ಕವರ್ ಬಂತು, ನನಗೆ ತೋರ್ಸಿದ್ರು. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ದಿಸ್ ಈಸ್ ನಾಟ್ ಎ ಬಿಲ್", ಕೆಳಗೆ ಸಾಲುಸಾಲು, ಅವರು ಕೇಳಿದ್ದೆಷ್ಟು, ಡಿಸ್ಕೌಂಟ್ ಎಷ್ಟು, ಪ್ಲಾನ್ ಕೊಟ್ಟಿದ್ದೆಷ್ಟು, ನೀವು ಕೊಡಬೇಕಾಗಬಹುದಾದ್ದು ಎಷ್ಟು. ಎಮರ್ಜೆನ್ಸಿ ಡಾಕ್ಟರ್‌ದು ನೆಟ್‌ವರ್ಕ್ ರೇಟಿಗೇ, ಅಂದ್ರೆ ಇನ್ಶೂರೆನ್ಸ್ ಜೊತೆ ಒಪ್ಪಂದ ಇರೋ ರೇಟಿಗೇ ಮುಗಿದಿತ್ತು, ಆಂಬುಲೆನ್ಸ್ ಸಾಲು ಮಾತ್ರ ನೆಟ್‌ವರ್ಕ್ ಹೊರಗೆ, ಪೂರ್ತಿ ಭಾರ ಇವರ ತಲೆ ಮೇಲೆ. ಕಾರಣ ಏನಂದ್ರೆ ಇಂಥ ಹಠಾತ್ ಬಿಲ್ ತಡೆಯೋಕೆ ಒಂದು ಕಾನೂನಿದೆ, 2020ರ ಡಿಸೆಂಬರಲ್ಲಿ ಎರಡೂ ಪಾರ್ಟಿ ಒಪ್ಪಿ ಟ್ರಂಪ್ ಸಹಿ ಹಾಕಿದ್ದು, 2022ರ ಜನವರಿ 1ಕ್ಕೆ ಬೈಡನ್ ಕಾಲದಲ್ಲಿ ಜಾರಿಗೆ ಬಂದಿದ್ದು, ವಿಮಾನದ ಆಂಬುಲೆನ್ಸ್ ಅದರೊಳಗೆ ಬರುತ್ತೆ, ರಸ್ತೆ ಮೇಲೆ ಓಡೋ ಆಂಬುಲೆನ್ಸ್ ಬರಲ್ಲ. ಇದು ಅನ್ಯಾಯ ಅಂತ ಅವರೂ ಅಂದ್ರು ನಾನೂ ಅಂದೆ. ಆ ಕಾಗದ ಕೈಯಲ್ಲಿದ್ದಷ್ಟು ಹೊತ್ತು ನಮ್ಮಿಬ್ಬರ ಮಧ್ಯೆ ಪಾರ್ಟಿ ಬರಲೇ ಇಲ್ಲ, ಇದೇ ಮಾತು ಆನ್‌ಲೈನಲ್ಲಿ ಆಗಿದ್ರೆ ಮೊದಲ ಸಾಲಲ್ಲೇ ಅವರು ನನ್ನ, ನಾನು ಅವರ ಪ್ರೊಫೈಲ್ ಫೋಟೋ ನೋಡಿ ತೀರ್ಮಾನ ಮಾಡ್ಬಿಡ್ತಿದ್ವಿ.

ಪಾರ್ಟಿ ದ್ವೇಷ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ, 1960ರ ಒಂದು ಸರ್ವೇಲಿ ಮಗನೋ ಮಗಳೋ ಬೇರೆ ಪಾರ್ಟಿಯವರನ್ನ ಮದುವೆ ಆದ್ರೆ ಬೇಜಾರಾಗುತ್ತೆ ಅಂದವರು ಎರಡೂ ಕಡೆ ನೂರಕ್ಕೆ ಐದರ ಆಸುಪಾಸು. 2010ಕ್ಕೆ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು ಜನ, ಡೆಮಾಕ್ರಾಟ್‌ಗಳಲ್ಲಿ ಮೂರರಲ್ಲೊಬ್ರು ಹಾಗಂದ್ರು. ಜಾತಿ ನೋಡಿ ಹೆಣ್ಣು ಕೊಡೋ ಊರಿಂದ ಬಂದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ವಿವೇಕ್ ಮೂರ್ತಿಯವರ ಕಥೆ ಎಷ್ಟು ಜನಕ್ಕೆ ಪೂರ್ತಿ ಗೊತ್ತೋ. ಮಂಡ್ಯ ಜಿಲ್ಲೆ ಹಲ್ಲೇಗೆರೆ ಮನೆತನದವರು ಸರ್ಜನ್ ಜನರಲ್, ಅಂದ್ರೆ ಇಡೀ ಅಮೆರಿಕಾಗೆ ಆರೋಗ್ಯದ ಸಲಹೆ ಕೊಡೋ ದೊಡ್ಡ ಡಾಕ್ಟರ್ ಆದ್ರು ಅಂತ ನಮ್ಮ ಪೇಪರ್‌ಗಳಲ್ಲೆಲ್ಲ ಬಂತು, ಎಲ್ರೂ ಹೆಮ್ಮೆಪಟ್ವಿ. ಆದ್ರೆ 2013ರ ನವೆಂಬರಲ್ಲಿ ಹೆಸರು ಸೂಚಿಸಿದ್ದು ಒಪ್ಪಿಗೆ ಆಗಿದ್ದು 2014ರ ಡಿಸೆಂಬರ್ 15ಕ್ಕೆ, 51ಕ್ಕೆ 43 ವೋಟು. ಅಷ್ಟು ತಿಂಗಳು ತಡ ಆಗೋಕೆ ದೊಡ್ಡ ಕಾರಣ ಅವರು 2012ರಲ್ಲಿ ಹಾಕಿದ ಒಂದು ಟ್ವೀಟು, ಬಂದೂಕು ಕೂಡ ಆರೋಗ್ಯದ ವಿಷ್ಯ ಅಂತ ಬರ್ದಿದ್ರು. ದಿನಾ ಗುಂಡೇಟು ತಿಂದೋರನ್ನ ನೋಡೋ ಎಮರ್ಜೆನ್ಸಿ ವಾರ್ಡಿನ ಯಾವ ಡಾಕ್ಟರ್ ಆದ್ರೂ ಹೇಳೋ ಮಾತು ಅದು. ಬಂದೂಕು ಲಾಬಿ ಎದುರು ನಿಂತ್ತು, ಆ ಲಾಬಿ ಹಿಂದೆ ರಿಪಬ್ಲಿಕನ್ನರು ನಿಂತ್ರು, ಎಲೆಕ್ಷನ್ ಹತ್ರ ಇದ್ದ ಕೆಲವು ಡೆಮಾಕ್ರಾಟ್‌ಗಳೂ ಹೆದರಿ ಹಿಂದೆ ಸರಿದ್ರು. ಆ ವರ್ಷ ಎಬೋಲಾ ಭಯದಲ್ಲಿ ದೇಶ ನಡುಗ್ತಿದ್ದಾಗ ಸೆನೆಟ್ ಒಪ್ಪಿದ ಸರ್ಜನ್ ಜನರಲ್ಲೇ ಇರಲಿಲ್ಲ.

ಇದಕ್ಕೆಲ್ಲ ಬೆಲೆ ಕಟ್ಟೋದು ಯಾರು ಅಂತ ನಮ್ಮ ರಾಜ್ಯದಲ್ಲೇ ನೋಡ್ಬಹುದು. ಒಬಾಮಾಕೇರ್ ಪ್ರಕಾರ ಬಡವರಿಗಿರೋ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್ ವಿಸ್ತರಿಸಿದ್ರೆ ಖರ್ಚಿನಲ್ಲಿ 90 ಪರ್ಸೆಂಟ್ ಕೇಂದ್ರ ಕೊಡುತ್ತೆ, 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ರಾಜ್ಯಗಳ ಇಷ್ಟಕ್ಕೆ ಬಿಡ್ತು. 2013ರಲ್ಲಿ ನಾರ್ತ್ ಕ್ಯಾರೊಲಿನಾ ಬೇಡ ಅಂತು. ಹತ್ತು ವರ್ಷ ಬೇಡ ಅಂತಲೇ ಕೂತ್ತು, ಒಬಾಮಾ ಹೆಸರಿತ್ತಲ್ಲ. ಮೆಡಿಕೇಡ್ ಅಂದ್ರೆ ಕರಿಯರ ಸ್ಕೀಮ್ ಅನ್ಕೊಂಡಿರೋವ್ರು ಗಮನಿಸಬೇಕಾದ್ದು, ದೇಶದಲ್ಲಿ ಮೆಡಿಕೇಡ್ ಇರೋವ್ರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಬಿಳಿಯರೇ. 2023ರ ಆಗಸ್ಟಲ್ಲಿ ಪೂರ್ವಕ್ಕಿರೋ ವಿಲಿಯಮ್‌ಸ್ಟನ್‌ನ ಮಾರ್ಟಿನ್ ಜನರಲ್ ಆಸ್ಪತ್ರೆ ಬಾಗಿಲು ಹಾಕ್ತು, ಆ ಇಡೀ ಕೌಂಟಿಗೆ (ನಮ್ಮೂರ ಜಿಲ್ಲೆ ಥರ) ಇದ್ದ ಆಸ್ಪತ್ರೆ ಅದೊಂದೇ, ಕರಿಯರೂ ಬಿಳಿಯರೂ ಇಬ್ಬರೂ ಬೇರೆ ಕೌಂಟಿಗೆ ಓಡಬೇಕಾಯ್ತು. ಮೆಡಿಕೇಡ್ ವಿಸ್ತರಣೆ ಜಾರಿಗೆ ಬಂದಿದ್ದು ಅದಾದ ನಾಲ್ಕು ತಿಂಗಳಿಗೆ, ಡಿಸೆಂಬರ್ 1ಕ್ಕೆ. ಅದನ್ನ ಪಾಸ್ ಮಾಡಿದ್ದು ರಿಪಬ್ಲಿಕನ್ನರ ಕೈಯಲ್ಲಿದ್ದ ಸದನ, ಸಹಿ ಹಾಕಿದ್ದು ಡೆಮಾಕ್ರಾಟ್ ಗವರ್ನರ್ ರಾಯ್ ಕೂಪರ್, ವರ್ಷಾನುಗಟ್ಟಲೆ ವಿರೋಧ ಮಾಡಿದ್ದ ರಾಜ್ಯ ಸೆನೆಟ್‌ನ ರಿಪಬ್ಲಿಕನ್ ನಾಯಕ ಫಿಲ್ ಬರ್ಗರ್ ಬಹಿರಂಗವಾಗಿಯೇ ಮನಸ್ಸು ಬದಲಾಯಿಸಿದ್ರು. ನಾನು ಅವರ ಪಾರ್ಟಿಗೆ ವೋಟ್ ಹಾಕೋನಲ್ಲ, ಆದ್ರೆ ಅವತ್ತು ಅವರಿಗೆ ಥ್ಯಾಂಕ್ಸ್ ಹೇಳಿ ಮೇಲ್ ಬರ್ದೆ. ಒಂದು ವರ್ಷದೊಳಗೆ ಸುಮಾರು 6 ಲಕ್ಷ ಜನ ಸೇರಿದ್ರು.

ಆದ್ರೆ ಅದೇ ಕಾನೂನಲ್ಲಿ ಇನ್ನೊಂದು ಸಾಲಿದೆ, ಕೇಂದ್ರದ ಪಾಲು 90ಕ್ಕಿಂತ ಕೆಳಗಿಳಿದ್ರೆ ನಮ್ಮ ವಿಸ್ತರಣೆ ತಾನಾಗೇ ನಿಂತುಹೋಗುತ್ತೆ. ಆ 90ಕ್ಕೆ ಕೈ ಹಾಕ್ಬೇಕು ಅನ್ನೋ ಮಾತು ವಾಷಿಂಗ್ಟನ್ನಲ್ಲಿ ಆಗಾಗ ಏಳ್ತಾನೇ ಇರುತ್ತೆ. ಹಾಗಾಗಿ ಈ ವರ್ಷ ವೋಟ್ ಕೇಳ್ಕೊಂಡು ಬರೋವ್ರಿಗೆ, ಯಾವ ಪಾರ್ಟಿ ಆದ್ರೂ ಸರಿ, ನಾನು ಕೇಳೋದು ಎರಡೇ: 90 ಪರ್ಸೆಂಟ್ ಇಳಿಸೋ ಬಿಲ್ ಬಂದ್ರೆ ನಿಮ್ಮ ವೋಟ್ ಯಾವ ಕಡೆ, ರಸ್ತೆ ಆಂಬುಲೆನ್ಸನ್ನ ಹಠಾತ್ ಬಿಲ್ ತಡೆಯೋ ಕಾನೂನಿಗೆ ಸೇರಿಸ್ತೀರಾ ಇಲ್ವಾ. ನಮ್ಮ ಬೀದಿಯ ಆ ಟ್ರಂಪ್ ಬಾವುಟದ ಯಜಮಾನ್ರೂ ಎರಡನೇದನ್ನ ಕೇಳ್ತೀನಿ ಅಂದಿದಾರೆ. ನಮ್ಮ ಕಡೆ ಮೀಟಿಂಗ್ ಯಾವಾಗ, ಎಲ್ಲಿ ಅಂತ ಗೊತ್ತಾದ ಕೂಡ್ಲೇ ಇಲ್ಲೇ ಹಾಕ್ತೀನಿ, ರಾಲಿ, ಕೇರಿ, ಮಾರಿಸ್‌ವಿಲ್ ಕಡೆ ಇರೋವ್ರು ಬನ್ನಿ, ಯಾರಿಗೆ ವೋಟ್ ಹಾಕ್ತೀರಿ ಅಂತ ನಾನು ಕೇಳಲ್ಲ.