"ಇಷ್ಟು ಖುಷಿಯಾಗಿ ಹೇಗೆ ಕೆಲಸ ಮಾಡ್ತೀರಿ ಸಿಸ್ಟರ್?"

"ದಿನಾ ಅದೇ ಬೆಡ್‌ಪ್ಯಾನು, ಅದೇ ಬೆಡ್‌ಶೀಟು. ಇಷ್ಟು ಖುಷಿಯಾಗಿ ಹೇಗೆ ಮಾಡ್ತೀರಿ ಸಿಸ್ಟರ್?" ವಾರ್ಡಿನಲ್ಲಿ ಕೇಳುತ್ತಾರೆ, ಮದುವೆಮನೆಯಲ್ಲಿ ಕೇಳುತ್ತಾರೆ, ಚರ್ಚಿನ ಬಾಗಿಲಲ್ಲೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಓದಿಕೊಳ್ಳಿ.

ನೀವು ಬರುವುದು ಸಂಜೆ, ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ. ಅದಕ್ಕೇ ನಾನು ಖುಷಿಯಾಗಿ ಕಾಣುತ್ತೇನೆ. ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬಂದು ನೋಡಿ, ಆಮೇಲೆ ಮಾತಾಡೋಣ.

ಕೇಳುವವರನ್ನಾದರೂ ಸಹಿಸಬಹುದು. ಉತ್ತರವನ್ನೂ ತಾವೇ ಹೇಳಿಬಿಡುವವರದ್ದು ಕಷ್ಟ. ಒಮ್ಮೆ ಲಕ್ವಾ ಹೊಡೆದು ಮಲಗಿದ್ದ ಅಜ್ಜಿಯೊಬ್ಬರ ಮಗ್ಗುಲು ಬದಲಿಸುತ್ತಿದ್ದೆ. ಮಗ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಮೊಬೈಲ್ ಒತ್ತುತ್ತಿದ್ದರು. ತಲೆ ಎತ್ತದೆ ಅಂದರು: "ನಿಮ್ಮ ಕ್ರಿಶ್ಚಿಯನ್ ಮಂದಿಗೆ ಬಿಡ್ರಿ, ಸೇವಾ ಅನ್ನೋದು ರಕ್ತದಾಗ ಬಂದೈತಿ."

ರಕ್ತದಲ್ಲಿ ಸಕ್ಕರೆ ಇರುತ್ತದೆ, ಹಿಮೋಗ್ಲೋಬಿನ್ ಇರುತ್ತದೆ. ಸೇವೆ ಇದೆ ಅಂತ ಯಾವ ಲ್ಯಾಬಿನವರೂ ಇನ್ನೂ ರಿಪೋರ್ಟ್ ಕೊಟ್ಟಿಲ್ಲ. ಆ ಮಾತು ಹೊಗಳಿಕೆಯೂ ಅಲ್ಲ. ನಿಮಗೆ ಇದು ಕಷ್ಟವಾಗಲ್ಲ, ಹಾಗಾಗಿ ನಾನು ಏಳಬೇಕಿಲ್ಲ. ಇಷ್ಟೇ ಅದರ ತಾತ್ಪರ್ಯ.

ನಮ್ಮವರೂ ಕಮ್ಮಿಯಿಲ್ಲ. ಏನು ಮಾಡಿದರೂ ಮನುಷ್ಯರಿಗೆಂದಲ್ಲ, ಕರ್ತನಿಗೆಂದು ಮನಸಾರೆ ಮಾಡಿ ಅಂತ ಬೈಬಲಿನಲ್ಲಿ, ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿದೆ. ಸಂಬಳದ ಮಾತು ಎತ್ತಿದರೆ ಸಾಕು, ಈ ವಾಕ್ಯ ಮುಂದೆ ಬರುತ್ತದೆ. ಪೌಲ ಅದನ್ನು ಹೇಳಿದ್ದು ದಾಸರಿಗೆ. ಒಂದೆರಡು ವಾಕ್ಯ ದಾಟಿ 4ನೇ ಅಧ್ಯಾಯ ಶುರುವಾಗುತ್ತಲೇ ಯಜಮಾನರ ಕಡೆ ತಿರುಗುತ್ತಾನೆ: ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ. ಅದನ್ನು ಯಾವ ಆಫೀಸಿನ ಗೋಡೆಯ ಮೇಲೂ ನಾನು ನೋಡಿಲ್ಲ. "ಅದೇ ಕಾಯಕವೇ ಕೈಲಾಸ ಅಲ್ವಾ?" ಅನ್ನುವವರೂ ಹೀಗೇ. ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದ ಗಂಡನಿಗೆ, ಅಲ್ಲೇ ಸುರಿದು ಬನ್ನಿ ಅಂದ ಆಯ್ದಕ್ಕಿ ಲಕ್ಕಮ್ಮನನ್ನು ಅವರು ನೆನೆಸುವುದೇ ಇಲ್ಲ.

ಚರ್ಚಿನ ಪ್ರಸಂಗದಲ್ಲಿ ಬ್ರದರ್ ಲಾರೆನ್ಸ್ ಕೂಡ ಅರ್ಧವೇ ಸಿಗುತ್ತಾರೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಸನ್ಯಾಸಿಗಳ ಮಠದ ಅಡುಗೆಮನೆಯಲ್ಲಿ ದುಡಿದವರು. (ನಾವು ಪ್ರಾಟೆಸ್ಟೆಂಟರು, ಆದರೂ ಈ ಕ್ಯಾಥೋಲಿಕರನ್ನು ನಾನು ಬಿಟ್ಟುಕೊಡಲ್ಲ.) ಮೊಣಕಾಲೂರಿ ಪ್ರಾರ್ಥಿಸುವಾಗ ದೇವರು ಎಷ್ಟು ಹತ್ತಿರವೋ, ಪಾತ್ರೆಗಳ ಗದ್ದಲದಲ್ಲೂ ಅಷ್ಟೇ ಹತ್ತಿರ ಅಂದರು. ಇಷ್ಟಕ್ಕೆ ಪ್ರಸಂಗ ಮುಗಿಯುತ್ತದೆ. ಉಳಿದರ್ಧ ಇದು: ಅವರಿಗೆ ಅಡುಗೆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಮೊದಲಿಗೆ ಸೈನಿಕರಾಗಿದ್ದವರು, ಕಾಲು ಬೇರೆ ಕುಂಟು. ಶುರುವಿನ 10 ವರ್ಷ ಬಹಳ ಒದ್ದಾಡಿದೆ ಅಂತ ಪತ್ರದಲ್ಲಿ ತಾವೇ ಬರೆದಿದ್ದಾರೆ. ಹತ್ತು ವರ್ಷ! ಇದನ್ನು ಯಾರಾದರೂ ನನಗೆ ನರ್ಸಿಂಗ್ ಓದುವಾಗಲೇ ಹೇಳಬಾರದಿತ್ತಾ?

ಖುಷಿ ಬರದ ದಿನ ಏನು ಮಾಡ್ತೀರಿ ಅಂತ ಕೇಳಿ. ಅದಕ್ಕೆ ಉತ್ತರ ಇದೆ.

ತಾನಾಗಿ ಹೊರಳಲಾಗದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಮೂಳೆ ಒತ್ತುವ ಕಡೆ, ಅಂದರೆ ಹಿಮ್ಮಡಿ, ಸೊಂಟ, ಬೆನ್ನಿನ ಕೆಳಗೆ, ರಕ್ತ ಓಡಾಡದೆ ಚರ್ಮ ಸಾಯುತ್ತದೆ. ನನ್ನ ಮೂಡು ಹೇಗಿದ್ದರೂ ಆ ಗಡಿಯಾರ ನಿಲ್ಲಲ್ಲ. ಆ ದಿನಗಳಲ್ಲಿ ನನ್ನ ಪ್ರಾರ್ಥನೆ ಒಂದೇ ಸಾಲು: "ಕರ್ತನೇ, ಇವರ ಬೆನ್ನು ಹುಣ್ಣಾಗದಿರಲಿ, ನನ್ನದು ಮುರಿಯದಿರಲಿ." ಒಳಗೊಳಗೇ ಬೈದುಕೊಂಡೂ ಇರುತ್ತೇನೆ. ಅದನ್ನೂ ಅವನಿಗೇ ಹೇಳುತ್ತೇನೆ. ಮೇಟ್ರನ್‌ಗೆ ಹೇಳುವಂತಿಲ್ಲವಲ್ಲ. ವಿಶ್ವಾಸ ಇರುವುದರಿಂದ ಕೆಲಸ ಹಗುರಾಗಿಲ್ಲ. ಆದರೆ ಯಾರೂ ನೋಡದ ಹೊತ್ತಿನಲ್ಲಿ ನಾನು ಒಬ್ಬಳೇ ಇದ್ದೇನೆ ಅಂತ ಅನಿಸುವುದಿಲ್ಲ. ಹಾಗಾಗಿ ಮುಂದಿನ ಎರಡು ಗಂಟೆಗೂ ಏಳಲಾಗುತ್ತದೆ.

ಖುಷಿಯೂ ಇದೆ, ಇಲ್ಲ ಅನ್ನಲ್ಲ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡುತ್ತೇವೆ. ಒತ್ತಿದಾಗ ಕೆಂಪು ಮಾಯವಾದರೆ ಚರ್ಮ ಇನ್ನೂ ಕೈಬಿಟ್ಟಿಲ್ಲ ಅಂತ. ಹಾಗಾದಾಗ ನನಗೆ ಆಗುವ ಸಂತೋಷ ಕ್ರಿಸ್‌ಮಸ್‌ಗೂ ಆಗಿಲ್ಲ. ಸ್ತೋತ್ರ ಅಂತ ಜೋರಾಗೇ ಅಂದುಬಿಡುತ್ತೇನೆ, ಪಕ್ಕದ ಬೆಡ್‌ನವರು ಗಾಬರಿಯಾಗುತ್ತಾರೆ.

ಇದಕ್ಕಿಂತ ದೊಡ್ಡ ಉತ್ತರ ಬೇಕಾದವರು ನಮ್ಮ ಹೊಸ ಹುಡುಗಿಯರನ್ನು ಕೇಳಿ. ಅವರು ಇನ್ನೂ ಆ 10 ವರ್ಷದ ಒಳಗೇ ಇದ್ದಾರೆ, ನನಗಿಂತ ಜಾಸ್ತಿ ನಿಜ ಹೇಳುತ್ತಾರೆ. ಊಟದ ಹೊತ್ತಲ್ಲಿ ಮಾತ್ರ ಹೋಗಬೇಡಿ.